ಸೈಡ್‌ಕಾರ್ ಹತ್ತಿದ ರುಬ್ಬೋ ಗುಂಡು

ನಿನ್ನೆ ಚನ್ನರಾಯಪಟ್ಟಣದ ಛತ್ರವೊಂದರಲ್ಲಿ ಮದುಮಕ್ಕಳ ಫೋಟೋಗೆಂದು ಸೈಡ್‌ಕಾರ್ ಇರುವ ಹಳೇ ಕಾಲದ ಮೋಟಾರ್ ಬೈಕ್ ತರಿಸಿದ್ದರು. ಅದರ ಪೆಟ್ರೋಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಹೊಳೆನರಸೀಪುರದ ನಮ್ಮ ಮನೆ ಜಗಲಿ ಮೇಲಿದ್ದೆ.

ಅಪ್ಪ ದನದ ಡಾಕ್ಟರು. ಅವರ ಬೈಕಿಗೆ ಸೈಡ್‌ಕಾರ್ ಎಡಗಡೆಗಿತ್ತು. ಅದು ಖಾಲಿಯಿದ್ದರೆ, ಎಡಕ್ಕೆ ತಿರುಗಿಸುವಾಗ ಅದರ ಚಕ್ರ ನೆಲ ಬಿಟ್ಟು ಮೇಲೇಳುತ್ತಿತ್ತು. ಭಾರಕ್ಕಿರಲಿ ಅಂತ ಅಪ್ಪ ಒಂದು ದಿನ ಕೈಗೆ ಸಿಕ್ಕ ರುಬ್ಬೋ ಗುಂಡನ್ನೇ ಅದರಲ್ಲಿ ಕೂರಿಸಿಕೊಂಡು, ಶಾಂತಿಗ್ರಾಮಕ್ಕೆ ಹಸು ನೋಡಲು ಹೋಗಿಬಿಟ್ಟರು. ಮಾರನೇ ದಿನ ಬೆಳಿಗ್ಗೆ ಬೀಗರು ಬರೋರಿದ್ದರು. ಅಜ್ಜಿ ಇಡ್ಲಿಗೆ ನೆನೆಹಾಕಿದ ಉದ್ದು ಮುಂದಿಟ್ಟುಕೊಂಡು, ಖಾಲಿ ಒರಳು ನೋಡುತ್ತಾ ಸಂಜೆವರೆಗೂ ಕೂತಿದ್ದರು.

ಅಪ್ಪ ಬಂದ ಕೂಡಲೇ ಅಜ್ಜಿ, "ಲೇ, ಬುದ್ಧಿ ಐತೇನ್ಲಾ ನಿಂಗೆ? ಗುಂಡು ಇಳ್ಸು. ನಾಳೆಯಿಂದ ನಾನೇ ಕೂತ್ಕತೀನಿ" ಅಂದರು.

ಕೂತೇಬಿಟ್ಟರು. ಎಡ ತಿರುವು ಬಂದಾಗೆಲ್ಲ ಅಪ್ಪ "ಅವ್ವಾ, ವಾಲ್ಕೋ!" ಅಂತ ಕೂಗೋರು. ಅಜ್ಜಿ ಸೆರಗು ಬಿಗಿಹಿಡಿದು ಎಡಕ್ಕೆ ವಾಲೋರು. ನೀವ್ಯಾಕೆ ಬಂದ್ರಿ ಅಂತ ಹಳ್ಳಿಯವರು ಕೇಳಿದರೆ, "ನಾನಿಲ್ದಿದ್ರೆ ನಿಮ್ ಡಾಕ್ಟ್ರು ಚರಂಡೀಲಿರ್ತಾನೆ ಕಣಪ್ಪ" ಅನ್ನೋರು.

ಅಜ್ಜಿ ತೀರಿಕೊಂಡ ಮೇಲೆ ಅಪ್ಪ ಮರಳಿನ ಮೂಟೆ ಇಟ್ಟುಕೊಂಡರು. ತಿರುವು ಬಂದರೆ ಆ ಮೂಟೆಗೂ "ಅವ್ವಾ, ವಾಲ್ಕೋ" ಅನ್ನೋದನ್ನ ಮಾತ್ರ ಬಿಡಲಿಲ್ಲ.

ನಿನ್ನೆ ಮದುಮಗ ಬೈಕನ್ನು ಎಡಕ್ಕೆ ತಿರುಗಿಸಿದ. ಸೈಡ್‌ಕಾರಿನಲ್ಲಿ ಮದುಮಗಳು ನೆಟ್ಟಗೆ ಕೂತಿದ್ದಳು. "ಅವ್ವಾ, ವಾಲ್ಕೋ!" ಅಂತ ಕೂಗಿದ್ದು ನಾನೇ ಎಂದು ಗೊತ್ತಾಗಿದ್ದು, ಇಡೀ ಛತ್ರ ನನ್ನ ಕಡೆ ತಿರುಗಿ ನೋಡಿದಾಗ.