ಕಾರ್ಕಳಕ್ಕೆ ಅದಲುಬದಲಾದ ವರ್ಷ

ಕಬಡ್ಡಿಯಲ್ಲಿ ನಾನು ಮುರಿದ ಮೊದಲ ಕಾಲು ಶಿರ್ವದ ಒಬ್ಬ ಎಲೆಕ್ಟ್ರಿಷಿಯನ್‌ನದು. ಮೂರು ತಿಂಗಳು ಅವನು ಏಣಿ ಹತ್ತಲಿಲ್ಲವಂತೆ. ಮುರಿದಾಗ ಶಬ್ದ ಕೇಳಿಸಿತು, ನನಗೆ ಖುಷಿಯಾಯಿತು. ಈಗ ಸುಳ್ಳು ಹೇಳಿ ಒಳ್ಳೆಯವನಾಗುವ ಆಸೆ ನನಗಿಲ್ಲ.

ಆಗ ನಾನು ಕಟಪಾಡಿಯ ತಂಡದಲ್ಲಿ ಎಡ ಮೂಲೆಯಲ್ಲಿ ನಿಲ್ಲುತ್ತಿದ್ದೆ. ಒಳಗೆ ಬಂದ ರೈಡರನ ಕಾಲಿನ ಗಂಟು ಹಿಡಿದು ಕೆಡವುವುದು ಆ ಮೂಲೆಯವನ ಕೆಲಸ. ನಮ್ಮ ಕ್ಯಾಪ್ಟನ್‌ಗೆ ಕೆಡವಿದರೆ ಸಾಲುತ್ತಿರಲಿಲ್ಲ. ಬಂದವನು ಆ ದಿನ ಮತ್ತೆ ಆಡಬಾರದು ಎಂದಿದ್ದರೆ ಅವರು ಪಕ್ಕದಿಂದ ತಣ್ಣಗೆ ‘ಒಣಸ್ ಆಂಡಾ?’ ಎನ್ನುತ್ತಿದ್ದರು. ಊಟ ಆಯ್ತಾ ಎಂಬುದಕ್ಕೆ ತುಳು. ನಮ್ಮಲ್ಲಿ ಎದುರು ಸಿಕ್ಕವರನ್ನೆಲ್ಲ ಕೇಳುವ ಮಾತು ಅದು, ಅಂಪಾಯರಿಗೆ ಅನುಮಾನ ಬರುವ ಹಾಗೇ ಇಲ್ಲ. ಅದು ಕಿವಿಗೆ ಬಿದ್ದರೆ ನಾನು ಹಿಡಿದ ಕಾಲನ್ನು ತಿರುಚುತ್ತಿದ್ದೆ. ಏಳು ವರ್ಷ ತಿರುಚಿದೆ.

ಕಡೆಗೆ, ನಾವು ಬರುವ ಪಂದ್ಯಾಟಕ್ಕೆ ತಾವು ಬರುವುದಿಲ್ಲ ಎಂದು ಬೇರೆ ತಂಡದವರು ಹೇಳತೊಡಗಿದರು. ಕ್ಯಾಪ್ಟನ್ ಕೆಟ್ಟ ಹೆಸರನ್ನೆಲ್ಲ ನನ್ನ ತಲೆಗೆ ಕಟ್ಟಿದರು. ನನ್ನನ್ನು ಕಾರ್ಕಳದ ತಂಡಕ್ಕೆ ಕೊಟ್ಟು, ಅಲ್ಲಿಯ ಒಬ್ಬ ಚುರುಕಾದ ರೈಡರನ್ನು ತಂದರು, ಹಳೆ ಸೈಕಲ್ ಕೊಟ್ಟು ಹೊಸದು ತಂದ ಹಾಗೆ. ನನಗೆ ಮೈಯೆಲ್ಲ ಉರಿದುಹೋಯಿತು. ಮೈದಾನದ ಗೇಟಿಗೆ ಒದ್ದು ಹೆಬ್ಬೆರಳಿನ ಉಗುರು ಕಿತ್ತುಕೊಂಡೆ.

ಕಾರ್ಕಳದಲ್ಲಿ ಕಲಿಸುತ್ತಿದ್ದವರು ನಿವೃತ್ತ ಡ್ರಿಲ್ ಮಾಷ್ಟ್ರು. ಮೊದಲ ದಿನವೇ ನಾನು ನಮ್ಮವನೊಬ್ಬನನ್ನು ಎತ್ತಿ ಬಡಿದು ಅವನ ತುಟಿ ಒಡೆದೆ. ಮಾಷ್ಟ್ರು ಬೈಯಲಿಲ್ಲ.

“ನಿನಗೆ ಯಾವ ಊರು?”

“ಮಟ್ಟು.”

“ಮನೆಯಲ್ಲಿ ಗುಳ್ಳ ಬದನೆ ಬೆಳೆಸ್ತೀರಾ?”

“ಉಂಟು.”

“ಮುಳ್ಳಿನ ತೊಟ್ಟು ಹಿಡಿದು ಬದನೆ ಕೊಯ್ಯುವಾಗ ಗಿಡ ಮುರಿತೀಯಾ?”

“ಇಲ್ಲ.”

“ಮತ್ತೆ ಇದೆಂತ ಮಾರಾಯ?”

ಅಂದಿನಿಂದ ನಾಲ್ಕು ತಿಂಗಳು ಅವರು ನನ್ನಿಂದ ಒಂದೇ ಕೆಲಸ ಮಾಡಿಸಿದರು. ಗಂಟು ಹಿಡಿ, ಬಿಗಿಯಾಗಿ ಹಿಡಿ, ಅವನು ಬಿದ್ದ ಕೂಡಲೇ ಬಿಡು. ಎರಡು ಪಂದ್ಯಾಟ ಆಡಿದೆ, ಒಬ್ಬನಿಗೂ ಗಾಯವಾಗಲಿಲ್ಲ. ಅಂಕಗಳೂ ಮೊದಲಿಗಿಂತ ಹೆಚ್ಚು ಬಂದವು. ತಂಡ ಬದಲಾದ ಮೇಲೆ ಇವನು ಮನುಷ್ಯನಾದ ಎಂದು ಜನ ಮಾತಾಡಿಕೊಂಡರು. ನಾನೂ ನಂಬಿದೆ. ಜನ ನನಗೆ ಹೆದರುವುದು ಬಿಟ್ಟಿದ್ದು ನನಗೆ ಇಷ್ಟವಾಗುತ್ತಿತ್ತು.

ಮೂರನೆಯದು ಕಾಪುವಿನ ಒಂದು ಮೈದಾನದಲ್ಲಿ, ಭಾನುವಾರ ಮಧ್ಯಾಹ್ನ. ಎದುರಿಗೆ ಕಟಪಾಡಿ. ಅವರ ಕಡೆಯವರು ನನ್ನನ್ನು ‘ಕಟುಕ’ ಎಂದು ಕೂಗುತ್ತಿದ್ದರು. ನಾನು ಹಲ್ಲು ಕಚ್ಚಿ ನಿಂತೆ. ನನ್ನ ಬದಲಿಗೆ ಹೋದ ಆ ರೈಡರ್ ಮಾತ್ರ ಯಾವ ಅಳುಕೂ ಇಲ್ಲದೆ ನನ್ನ ಮೂಲೆಗೇ ಬರುತ್ತಿದ್ದ. ಎರಡು ಸಲ ಮುಟ್ಟಿ ತಪ್ಪಿಸಿಕೊಂಡ. ಮೂರನೆಯ ಸಲ ಅವನ ಕಾಲು ನನ್ನ ಕೈಗೆ ಸಿಕ್ಕಿತು. ಹಿಡಿತ ಮಾಷ್ಟ್ರು ಹೇಳಿಕೊಟ್ಟ ಹಾಗೆಯೇ ಇತ್ತು. ಅವನು ಬಿದ್ದ. ಇನ್ನು ಬಿಡುವುದೊಂದೇ ಬಾಕಿ.

ಅಷ್ಟರಲ್ಲಿ, ಹಿಂದಿನ ಶಾಮಿಯಾನದಲ್ಲಿ ಅನ್ನ ಬಡಿಸುತ್ತಿದ್ದ ಹೆಂಗಸೊಬ್ಬರು ಅಂಕ ಬರೆಯುವವರನ್ನು ಗಟ್ಟಿಯಾಗಿ ಕೇಳಿದರು.

“ಒಣಸ್ ಆಂಡಾ?”

ನಾನು ತಿರುಚಿದೆ. ಕೈ ತಾನಾಗಿ ತಿರುಚಿತು ಎಂದು ಹೇಳಬಹುದು, ಆದರೆ ಕೈ ನನ್ನದೇ ಅಲ್ಲವೇ. ತೆಂಗಿನ ಒಣ ಮಡಲು ಮುರಿದ ಹಾಗೆ ಸದ್ದಾಯಿತು. ಅವನು ಕಿರುಚಿದ. ಪಾದ ಹಿಂದಕ್ಕೆ ತಿರುಗಿತ್ತು, ಚರ್ಮ ಸೀಳಿಕೊಂಡು ಬಿಳಿ ಎಲುಬು ಕಾಣುತ್ತಿತ್ತು. ಯಾರೋ ಪ್ಲಾಸ್ಟಿಕ್ ಕುರ್ಚಿಯಿಂದ ನನ್ನ ಬೆನ್ನಿಗೆ ಹೊಡೆದರು. ಹಳೆಯ ಕ್ಯಾಪ್ಟನ್ ಬಂದು “ನಿನ್ನ ಹಳೆ ಬುದ್ಧಿ ಬಿಡ್ಲಿಲ್ಲ ಅಲ್ವಾ?” ಎಂದು ಮುಖಕ್ಕೆ ಗುದ್ದಿದರು. ತಿರುಚಲು ಕಲಿಸಿದವರೇ ಹೊಡೆದರು. ಬಾಯಿ ತುಂಬ ರಕ್ತ, ಒಂದು ಹಲ್ಲು ನಾಲಿಗೆಯ ಮೇಲೆ. ನಾನು ಕೈ ಎತ್ತಲಿಲ್ಲ. ಆ ಕೈಗಳನ್ನು ನೋಡಲೇ ನನಗೆ ಹೇಸಿಗೆಯಾಗಿತ್ತು.

ಮೂರನೇ ದಿನ ಮಣಿಪಾಲದ ಆಸ್ಪತ್ರೆಗೆ ಹೋದೆ. ಅವನ ಕಾಲಿಗೆ ಹೊರಗಿನಿಂದ ಕಬ್ಬಿಣದ ಸರಳು ಹಾಕಿದ್ದರು. ಬೈದರೆ, ಮುಖಕ್ಕೆ ಉಗುಳಿದರೆ ತಡೆದುಕೊಳ್ಳಲು ತಯಾರಾಗಿಯೇ ಹೋಗಿದ್ದೆ. ಅವನು ಕುರ್ಚಿ ತೋರಿಸಿದ. ನಾನು ಆ ಮಾತಿನ ವಿಷಯವನ್ನೆಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡ.

“ನಿನ್ನ ಮೂಲೆಗೆ ಹೋಗ್ಬೇಡ ಅಂತ ಕಟಪಾಡಿಯವರೆಲ್ಲ ಹೇಳಿದ್ರು. ನಾನು ಹಿಂದಿನ ದಿನ ಮಾಷ್ಟ್ರಿಗೆ ಫೋನ್ ಮಾಡಿ ಕೇಳಿದೆ,” ಎಂದ. “ಅವ ಈಗ ಸರಿಯಾಗಿದ್ದಾನೆ, ಹೆದರ್ಬೇಡ ಅಂದ್ರು. ಹಾಗೆ ಬಂದೆ.”