ಎಳ್ಳಿನ ಹುಳದ ಬೆನ್ನ ಮೇಲಿನ ಬಿಳಿ ಗೂಡುಗಳು

ಸಂಪಾದಕ ಮಹಾಶಯರ ಸನ್ನಿಧಿಗೆ ಘೋಡಗೇರಿಯ ಒಕ್ಕಲಗಿತ್ತಿಯ ವಿಜ್ಞಾಪನೆ. ನನ್ನ ಕೈಬರಹವೂ ಕಾಗುಣಿತವೂ ಸರಿಯಿಲ್ಲ, ಕ್ಷಮೆಯಿರಲಿ.

ನಮ್ಮ ಎಳ್ಳಿನ ಎಲೆ ತಿನ್ನುವ ಹಸಿರು ಹುಳಗಳನ್ನು ಆರಿಸಿ ತಂದು ಹೊಲದಂಚಿನ ಮನೆಯಂಗಳದಲ್ಲಿ ಸುಡುತ್ತಿದ್ದಾಗ, ಬೆನ್ನ ತುಂಬ ಅಕ್ಕಿಕಾಳಿನಂಥ ಬಿಳಿ ಗೂಡುಗಳಿದ್ದವನ್ನು ನಾನು ಬುಟ್ಟಿಯಲ್ಲಿ ಬೇರೆಯಿಟ್ಟೆನು. ಮಾವನವರು ಸಿಟ್ಟಾದರು.

“ಅವು ಹುಳದ ತತ್ತಿ ಅಂತ ಊರಿಗೆಲ್ಲ ಗೊತ್ತೈತಿ. ಸಾಕಾಕ ಇಟ್ಟೀಯೇನ? ಬೆಂಕ್ಯಾಗ ಹಾಕ!”

“ಹಾಕೂದಿಲ್ರಿ, ಮಾವಾರ. ಮೊದಲ ಇದನ್ನ ನೋಡ್ರಿ.”

ಅಂಥದೇ ಒಂದು ಹುಳವನ್ನು ವಾರದ ಹಿಂದೆ ಕಂದೀಲಿನ ಗಾಜಿನಲ್ಲಿಟ್ಟು, ಎರಡೂ ಬಾಯಿಗೆ ಅರಿವೆ ಕಟ್ಟಿದ್ದೆನು. ಈಗ ಹುಳ ಸತ್ತು ಒಣಗಿತ್ತು. ಅದರ ಮೈ ತಿಂದು ಬೆಳೆದು, ಗೂಡೊಡೆದು ಬಂದ ಇರುವೆಗಿಂತ ಸಣ್ಣ ಕಡಜಗಳು ಒಳಗೆ ಹಾರಾಡುತ್ತಿದ್ದವು. ಅರಿವೆ ಬಿಚ್ಚಿದೊಡನೆ ಎಳ್ಳಿನ ಸಾಲುಗಳತ್ತ ಹೋದವು.

“ಹಂಗಾರ ಇಷ್ಟ ವರ್ಷ ನಮ್ಮ ಆಳುಗಳನ್ನ ನಾವ ಸುಟ್ಟಂಗಾತಲ್ಲ!” ಎಂದು ಮಾವನವರೇ ಬುಟ್ಟಿಯನ್ನು ಹೊಲಕ್ಕೆ ಒಯ್ದರು.

ಆ ಜೀವಿಗೆ ನಮ್ಮಲ್ಲಿ ಹೆಸರಿಲ್ಲ. ಊರವರು ಇಂದಿಗೂ ನಗುತ್ತಾರೆ. ಆದರೂ ಬಿಳಿ ಗೂಡಿನ ಒಂದು ಹುಳವನ್ನೂ ನಾನು ಸುಡಗೊಡುವುದಿಲ್ಲ. ಅಕ್ಷರದ ತಪ್ಪುಗಳನ್ನು ಓದುಗರು ತಿದ್ದಿಕೊಳ್ಳಬೇಕು. ಕಣ್ಣಾರೆ ಕಂಡದ್ದನ್ನು ಮಾತ್ರ ಯಾರೂ ತಿದ್ದಬಾರದೆಂದು ವಿನಂತಿ.