ಅತ್ತೆಯ ಬಿಳಿ ಮಾತ್ರೆ

ನಮ್ಮತ್ತೆ ಹತ್ತು ವರ್ಷದಿಂದ ಬಿ.ಪಿ.ಗೆ ಗುಲಾಬಿ ಬಣ್ಣದ ಒಂದು ಮಾತ್ರೆ ನುಂಗುತ್ತಿದ್ದರು. ಅವರಿಗೆ ಓದಲು ಬಾರದು, ಬಣ್ಣವೇ ಗುರುತು. ನಮ್ಮೂರು ಸವಳಂಗದಲ್ಲಿ ಅದು ಸಿಗದಿದ್ದರೆ ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಸ್ಸು ಹತ್ತಿ ನ್ಯಾಮತಿಗೆ ಹೋಗಿ ತರಬೇಕಿತ್ತು.

ಒಂದು ದಿನ ಜೊತೆಯ ಟೀಚರೊಬ್ಬರು, "ಅದೇ ಔಷಧಿ ಜನರಿಕ್‌ನಾಗೆ ಅರ್ಧ ರೇಟಿಗೆ ಸಿಗ್ತೈತ್ರಿ, ಫೋನಿನಾಗೆ ತರಿಸ್ಕೊಳ್ರಿ" ಎಂದರು. ಔಷಧಿ ತರಿಸುವ ಆ್ಯಪಿನಲ್ಲಿ ಡಾಕ್ಟರ ಚೀಟಿಯ ಫೋಟೊ ಹಾಕಿ ಆರ್ಡರ್ ಮಾಡಿದೆ.

ಮರುದಿನ ಭಾನುವಾರ ನಾನು ಬಟ್ಟೆ ಒಣಹಾಕುತ್ತಿದ್ದಾಗ ನನ್ನ ಫೋನು ಬಡಿದುಕೊಂಡಿತು. ಅತ್ತೆಯೇ ಎತ್ತಿದರು. ಚೀಟಿ ಪರಿಶೀಲಿಸುವ ಫಾರ್ಮಾಸಿಸ್ಟ್ ಹುಡುಗಿ, ಮಾತ್ರೆ ಯಾರಿಗೆ, ಬೇರೇನಾದರೂ ತೊಂದರೆ ಇದೆಯೇ ಎಂದು ಕೇಳಿದಳಂತೆ.

"ನನಗೇ ಕಣವ್ವ. ತೊಂದ್ರೆ ಏನಂತ ಹೇಳ್ಲಿ?" ಎಂದು ಶುರು ಮಾಡಿದ ಅತ್ತೆ, ಮಂಡಿ ನೋವು, ಬಾರದ ನಿದ್ದೆ, ಹಿಂದೆ ಕೀಳಿಸಿದ ಹಲ್ಲು ಎಲ್ಲವನ್ನೂ ಒಪ್ಪಿಸಿದರು. ಕೊನೆಗೆ, "ನಿಂದು ಊಟ ಆತೇನವ್ವ?" ಎಂದು ವಿಚಾರಿಸಿ ಫೋನಿಟ್ಟರು.

ನಾಲ್ಕನೇ ದಿನ ಪೊಟ್ಟಣ ಬಂತು. ಬಿಚ್ಚಿದರೆ ಮಾತ್ರೆಗಳೆಲ್ಲ ಬಿಳಿ!

"ಇದು ನಂದಲ್ಲ" ಎಂದರು ಅತ್ತೆ. "ಅಷ್ಟೊತ್ತು ಮಾತಾಡಿದ್ಳು, ಬಣ್ಣ ಮಾತ್ರ ಕೇಳ್ಲೇ ಇಲ್ಲ."

ನಾನು ಹಳೆಯ, ಹೊಸ ಎರಡೂ ಮಾತ್ರೆಪಟ್ಟಿಯ ಮೇಲಿನ ಔಷಧಿಯ ಹೆಸರು ಓದಿ ತೋರಿಸಿದೆ. ನಂಬಲಿಲ್ಲ. ಕೊನೆಗೆ ಇಬ್ಬರೂ ನ್ಯಾಮತಿಯ ಡಾಕ್ಟರ ಬಳಿ ಹೋದೆವು. ಅವರು ಕನ್ನಡಕ ಏರಿಸಿ ಎರಡನ್ನೂ ನೋಡಿದರು.

"ಒಳಗಿನ ಔಷಧಿ ಒಂದೇ ಅಮ್ಮಾ, ಅಳತೆನೂ ಒಂದೇ. ಕಂಪನಿ ಬೇರೆ ಅಷ್ಟೇ. ಧೈರ್ಯವಾಗಿ ನುಂಗ್ರಿ."

"ಹದಿನೈದು ದಿನ ನುಂಗಿ ಬರ್ತೀನಿ, ನೀವು ಬಿ.ಪಿ. ನೋಡ್ರಿ. ಆಮೇಲೆ ಒಪ್ತೀನಿ" ಎಂದರು ಅತ್ತೆ. ಡಾಕ್ಟರು ನಕ್ಕು ಒಪ್ಪಿಕೊಂಡರು.

ಹದಿನೈದು ದಿನವೂ ಅವರು ಮಾತ್ರೆ ನುಂಗಿ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳುತ್ತಿದ್ದರು. ನನಗೂ ಒಳಗೊಳಗೇ ಅಳುಕು. ಹೋಗಿ ತೋರಿಸಿದಾಗ ಬಿ.ಪಿ. ಎಂದಿನಷ್ಟೇ ಇತ್ತು. ನನ್ನ ಎದೆ ಹಗುರವಾಯಿತು. ಅತ್ತೆ ಮಾತ್ರ ಪರೀಕ್ಷೆ ಪಾಸಾದವರ ಹಾಗೆ ಎದ್ದು ನಿಂತರು.

ಅಂದಿನಿಂದ ಬೀದಿಗೆಲ್ಲ ಬಿಳಿ ಮಾತ್ರೆಯ ಸುದ್ದಿ. ಎದುರುಮನೆಯ ಹೆಂಗಸು ಬಂದು, "ಅಕ್ಕಾ, ನನಗೂ ತಲೆ ಸುತ್ತತೈತೆ. ಎರಡು ಮಾತ್ರೆ ಕೊಡು, ನೋಡ್ತೀನಿ" ಎಂದಳು.

ಪಟ್ಟಿ ಕೈಯಲ್ಲಿದ್ದರೂ ಅತ್ತೆ ಕೊಡಲಿಲ್ಲ. "ಇದೇನು ಕಡ್ಲೆಪುರಿನಾ ಹಂಚಾಕೆ? ಚೀಟಿ ಇಲ್ದೆ ಆ ಫೋನಿನ ಹುಡುಗಿನೂ ಕೊಡಾಕಿಲ್ಲ. ಸೀರೆ ಉಟ್ಕಂಡು ಬಾ, ಡಾಕ್ಟ್ರ ಹತ್ರ ಹೋಗಾನ."

ಮೂವರೂ ಹೋದೆವು. ಅವಳಿಗೆ ಬಿ.ಪಿ. ಇರಲೇ ಇಲ್ಲ, ರಕ್ತ ಕಡಿಮೆ ಇತ್ತು. ಅತ್ತೆಯ ಮಾತ್ರೆ ನುಂಗಿದ್ದರೆ ಇನ್ನಷ್ಟು ಸುತ್ತಿ ಬೀಳುತ್ತಿದ್ದಳು ಎಂದರು ಡಾಕ್ಟರು. ಅವಳು ಅತ್ತೆಯ ಕೈ ಹಿಡಿದುಕೊಂಡಳು. ಕಬ್ಬಿಣಾಂಶದ ಮಾತ್ರೆ ಬರೆಸಿಕೊಂಡು ಹೊರಬಂದವಳೇ ಖುಷಿಗೆ ಬಸ್‌ಸ್ಟ್ಯಾಂಡಿನಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಕೊಡಿಸಿದಳು.

"ಉಪ್ಪು, ಎಣ್ಣೆ ಕಮ್ಮಿ ಮಾಡಾಕೆ ಡಾಕ್ಟ್ರು ಹೇಳಿಲ್ವಾ ನಿಮಗೆ?" ಎಂದು ಅತ್ತೆಯನ್ನು ಕೇಳಿದೆ.

"ಒಂದೇ ತಿಂತೀನಿ ಬಿಡೇ" ಎಂದ ಅತ್ತೆ, ನನ್ನ ಬಜ್ಜಿಯಲ್ಲೂ ಅರ್ಧ ಮುರಿದುಕೊಂಡು ಬಸ್ಸು ಹತ್ತಿದರು.